ರೋಮಾಪುರಿಯ ಕ್ರೈಸ್ತ ಕಾದಂಬರಿಗಳಲ್ಲಿ ಪ್ರತಿನಾಯಕ

೧

ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತಮತವು ಹುಟ್ಟಿ ಹರಡಿದ ಮೊದಲ ಶತಮಾನಗಳನ್ನು ವಸ್ತುವಾಗಿ ಆರಿಸಿಕೊಂಡ ಚಾರಿತ್ರಿಕ ಕಾದಂಬರಿಗಳು ಯೂರೋಪು ಅಮೆರಿಕಗಳ ಸಾಹಿತ್ಯದಲ್ಲಿ ಒಂದು ಪ್ರತ್ಯೇಕ ವರ್ಗವೆಂದು ಎಣಿಸಬಹುದಾದಷ್ಟು ಇವೆ. ಚಾರ್ಲ್ಸ್ ಕಿಂಗ್ಸ್ಲಿಯ ‘ಹೈಪೇಷಿಯ’ (೧೮೫೩), ಕಾರ್ಡಿನಲ್ ವೈಸ್‌ಮನ್ನನ ‘ಫಬಿಯೋಲ’ (೧೮೫೪), ನ್ಯೂಮನ್ನನ ‘ಕಲಿಸ್ಟ’ (೧೮೫೫), ಲ್ಯೂ ವಾಲೇಸನ ‘ಬೆನ್ ಹರ್’ (೧೮೮೦), ವಾಲ್ಟರ್ ಪೇಟರನ ‘ಮೇರಿಯಸ್ ದಿ ಎಪಿಕ್ಯೂರಿಯನ್’ (೧೮೮೫), ಪೋಲೆಂಡಿನ ಹೆನ್ರಿಕ್ ಸಿಯೆಂಕೀವಿಚನ ‘ಕ್ವೋ ವಾಡಿಸ್’ (೧೮೯೬), ಸ್ವೀಡನ್ನಿನ ಪಾರ್ ಲಾಗರ್‌ಕ್ವಿಸ್ಟನ ‘ಬರಬ್ಬ’ (೧೯೫೦) ಇವು ಈ ವರ್ಗದಲ್ಲಿ ಹೆಸರಾದವು. ಇವುಗಳಲ್ಲಿ ಎರಡು ಮೂರು ಲೋಕದ ಅನೇಕ ಭಾಷೆಗಳಿಗೆ ಪರಿವರ್ತಿತವಾಗಿ, ನಾಟಕಗಳಾಗಿ, ಚಲಚ್ಚಿತ್ರಗಳಾಗಿ ಪ್ರಸಾರ ಪಡೆದಿವೆ. ಭಕ್ತರು ಇವನ್ನು ಭಕ್ತಿಗ್ರಂಥಗಳೆಂದು ಮೆಚ್ಚಿದರು. ವಿಮರ್ಶಕರಲ್ಲಿ ಹಲವರು ಅದೇ ಕಾರಣದಿಂದಲೇ ಇವನ್ನು ಕಡೆಗಣಿಸಿದರು. ಈ ಎರಡು ಪಂಗಡದವರೂ ಇವನ್ನು ಕಾದಂಬರಿಗಳೆಂದು ಪರೀಕ್ಷಿಸುವ ಗೋಜಿಗೆ ಹೋದದ್ದು ಕಡಮೆ.

ಈ ಬಗೆಯ ಕೃತಿಯನ್ನು ರಚಿಸುವವನ ಮುಂದೆ ಮೊದಲಲ್ಲಿಯೇ ಒಂದು ಕಷ್ಟವು ನಿಲ್ಲುತ್ತದೆ. ಕಥೆಯ ಕಡೆಯು ಎಲ್ಲರಿಗೂ ತಿಳಿದಿದೆ. ಕ್ರಿ. ಶ. ೩೧೩ ರಲ್ಲಿ ಕಾನ್‌ಸ್ಟಂಟೈನನೂ ಲಿಸಿನಿಯಸನೂ ಕೂಡಿ ಕ್ರೈಸ್ತರ ಆರಾಧನೆಗೆ ಸ್ವಾತಂತ್ರ್ಯವನ್ನು ಕೊಟ್ಟರು. ೩೮೦ ರಲ್ಲಿ ಥಿಯೊಡೋಸಿಯಸನ ಶಾಸನದಿಂದ ಆ ಮತವು ರಾಜಮತವಾಯಿತು. ಇದನ್ನು ಬಲ್ಲ ವಾಚಕನು ನೀರೋ ಚಕ್ರವರ್ತಿಯ ಕಾಲದ ಕಥೆಯನ್ನು ಕೈಗೆತ್ತಿಕೊಂಡಾಗ, ಸಿಂಹಾಸನದ ಮೇಲೆ ಕುಳಿತವನೇ ಸೋತವನೆಂದೂ, ಸಿಂಹದ ಬಾಯಿಗೆ ಬಿದ್ದವನೇ ಗೆದ್ದವನೆಂದೂ ಮೊದಲನೆಯ ಪುಟದಲ್ಲಿಯೇ ಅರಿತಿರುತ್ತಾನೆ. ಹೀಗಿರುವಲ್ಲಿ ಬರಹಗಾರನಿಗೆ ಒಂದು ಸುಲಭವಾದ ದಾರಿ ತೆರೆದಿರುತ್ತದೆ. ರೋಮನರನ್ನೆಲ್ಲ ಕ್ರೂರಿಗಳನ್ನಾಗಿಯೋ ವಿಷಯಲಂಪಟರನ್ನಾಗಿಯೋ ಚಿತ್ರಿಸಿ, ಕ್ರೈಸ್ತರನ್ನೆಲ್ಲ ನಿಷ್ಕಳಂಕರನ್ನಾಗಿ ನಿಲ್ಲಿಸಿ, ಇತಿಹಾಸವು ಆಗಲೇ ಕೊಟ್ಟ ತೀರ್ಪನ್ನು ಕಥೆಯಲ್ಲಿ ಮತ್ತೊಮ್ಮೆ ಓದಿ ಹೇಳುವುದು ಆ ದಾರಿ. ಆ ದಾರಿಯನ್ನು ಹಿಡಿದ ಕೃತಿಗಳು ಲೆಕ್ಕವಿಲ್ಲದಷ್ಟು. ಅವು ಹುಟ್ಟಿದ ತಲೆಮಾರಿನೊಡನೆಯೇ ಮರೆಯಾಗಿವೆ.

ದಂಡಿಯು ‘ಕಾವ್ಯಾದರ್ಶ’ದ ಮೊದಲನೆಯ ಪರಿಚ್ಛೇದದಲ್ಲಿ ಈ ವಿಷಯಕ್ಕೆ ಒದಗುವ ಒಂದು ಮಾತನ್ನು ಹೇಳಿದ್ದಾನೆ. ನಾಯಕನ ಗುಣಗಳನ್ನು ಮೊದಲು ಹೊಗಳಿ, ಅವುಗಳಿಂದ ಶತ್ರುವು ನಿರಾಕೃತನಾದನೆಂದು ವರ್ಣಿಸುವುದು ಒಂದು ಮಾರ್ಗ; ಶತ್ರುವಿನ ವಂಶ, ಪರಾಕ್ರಮ, ವಿದ್ಯೆ ಮೊದಲಾದುವನ್ನೇ ವರ್ಣಿಸಿ, ಅಂತಹವನನ್ನು ಜಯಿಸಿದುದರಿಂದ ನಾಯಕನ ಉತ್ಕರ್ಷವನ್ನು ತೋರಿಸುವುದು ಇನ್ನೊಂದು ಮಾರ್ಗ. ಈ ಎರಡನೆಯದು ತನಗೆ ಪ್ರಿಯವೆಂದು ಆತನ ಅಭಿಪ್ರಾಯ. ಪಂಪನ ಕರ್ಣನನ್ನೂ ರನ್ನನ ದುರ್ಯೋಧನನನ್ನೂ ಬಲ್ಲ ಕನ್ನಡ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಲೆ ಹೆಸರಿಸಿದ ಕಾದಂಬರಿಗಳಿಗೂ ಇದಕ್ಕಿಂತ ತಕ್ಕ ಒರೆಗಲ್ಲು ದೊರೆಯಲಾರದು. ರೋಮಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಕೃತಿಯಲ್ಲಿಯೇ ಕ್ರೈಸ್ತನ ಮರಣಕ್ಕೆ ಬೆಲೆ ಬರುತ್ತದೆ. ಸಲ್ಲಿಸದ ಕೃತಿಯಲ್ಲಿ ಸಾಯುವವನು ಬಿಟ್ಟುಹೋಗುವ ಲೋಕವು ಬಿಡಲು ಯೋಗ್ಯವಾದುದೇ ಆಗಿರುವುದರಿಂದ, ಅವನ ತ್ಯಾಗವೂ ತ್ಯಾಗವೆನಿಸುವುದಿಲ್ಲ.

೨

ಈ ವರ್ಗದ ಮೊದಲ ಮುಖ್ಯ ಕೃತಿಗಳು ಇಂಗ್ಲೆಂಡಿನಲ್ಲಿ ಮೂರು ವರ್ಷಗಳ ಅವಧಿಯೊಳಗೆ ಒಂದರ ಬೆನ್ನಿಗೆ ಒಂದು ಹೊರಟುದು ಆಕಸ್ಮಿಕವಲ್ಲ. ೧೮೪೫ ರಲ್ಲಿ ನ್ಯೂಮನ್ನನು ಆಂಗ್ಲಿಕನ್ ಸಭೆಯನ್ನು ಬಿಟ್ಟು ರೋಮನ್ ಕಥೋಲಿಕನಾದನು. ೧೮೫೦ ರಲ್ಲಿ ಪೋಪನು ಇಂಗ್ಲೆಂಡಿನಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಪರಂಪರೆಯನ್ನು ಪುನಃ ಸ್ಥಾಪಿಸಿ ವೈಸ್‌ಮನ್ನನನ್ನು ವೆಸ್ಟ್‌ಮಿನ್‌ಸ್ಟರಿನ ಆರ್ಚ್‌ಬಿಷಪ್ಪನನ್ನಾಗಿ ನೇಮಿಸಿದನು. ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಆ ವಾದವಿವಾದಗಳ ನಡುವೆ, ಆದಿಸಭೆಯ ನಿಜವಾದ ವಾರಸುದಾರರು ಯಾರೆಂಬ ಪ್ರಶ್ನೆಯು ಪಂಡಿತರ ಗ್ರಂಥಗಳಿಂದ ಕಾದಂಬರಿಗೆ ಇಳಿದು ಬಂದಿತು.

ಕಿಂಗ್ಸ್ಲಿಯು ಆಂಗ್ಲಿಕನ್ ಪಾದ್ರಿ. ಅವನ ‘ಹೈಪೇಷಿಯ’ವು ಐದನೆಯ ಶತಮಾನದ ಅಲೆಕ್ಸಾಂಡ್ರಿಯದಲ್ಲಿ ನಡೆಯುತ್ತದೆ. ಆಗ ಕ್ರೈಸ್ತರು ಪೀಡಿತರಲ್ಲ, ಪ್ರಬಲರು. ಗಣಿತವನ್ನೂ ದರ್ಶನವನ್ನೂ ಬೋಧಿಸುತ್ತಿದ್ದ ಹೈಪೇಷಿಯಳನ್ನು ೪೧೫ ರಲ್ಲಿ ಕ್ರೈಸ್ತರ ಗುಂಪೊಂದು ಬೀದಿಯಲ್ಲಿ ಹಿಡಿದೆಳೆದು ಚರ್ಚಿನೊಳಗೆ ಕೊಂದುಹಾಕಿತು. ಇದನ್ನು ಆ ಕಾಲಕ್ಕೆ ಸಮೀಪದವನಾದ ಕ್ರೈಸ್ತ ಇತಿಹಾಸಕಾರ ಸಾಕ್ರಟೀಸನೇ ಬರೆದಿಟ್ಟು ಖಂಡಿಸಿದ್ದಾನೆ. ಇಂತಹ ವಸ್ತುವನ್ನು ಆರಿಸಿದುದರಲ್ಲಿಯೇ ಕಿಂಗ್ಸ್ಲಿಯ ಧೈರ್ಯವು ಕಾಣುತ್ತದೆ. ಸೋತ ಪಕ್ಷದ ವಿದ್ಯೆ, ಸೌಂದರ್ಯ, ಗಾಂಭೀರ್ಯಗಳನ್ನು ಅವನು ಮನಸ್ಸಿಟ್ಟು ವರ್ಣಿಸಿದ್ದಾನೆ. ಆದರೆ ಅವನಿಗೆ ಬಿಷಪ್ ಸಿರಿಲನ ಮೇಲಿರುವ ಕೋಪವು ಐದನೆಯ ಶತಮಾನದ್ದಲ್ಲ. ಹಳೆಯ ಮುಖದ ಹೊಸ ವೈರಿಗಳೆಂಬ ಅರ್ಥದ ಉಪಶೀರ್ಷಿಕೆಯನ್ನು ಗ್ರಂಥಕ್ಕೆ ಕೊಟ್ಟು ಅವನೇ ಇದನ್ನು ಒಪ್ಪಿಕೊಂಡಂತಾಗಿದೆ. ಅಲೆಕ್ಸಾಂಡ್ರಿಯದ ಸಂನ್ಯಾಸಿಗಳ ಹಿಂದೆ ತನ್ನ ಕಾಲದ ಕಥೋಲಿಕರನ್ನು ಅವನು ಕಾಣುತ್ತಿದ್ದನು. ಆದುದರಿಂದ ಈ ಕೃತಿಯಲ್ಲಿ ಹೈಪೇಷಿಯಳಿಗೆ ನ್ಯಾಯವು ದೊರೆತು, ಸಿರಿಲನಿಗೆ ದೊರೆಯದೆ ಹೋಯಿತು. ಪ್ರತಿನಾಯಕನು ಬದಲಾದನೇ ಹೊರತು ದೋಷವು ಬದಲಾಗಲಿಲ್ಲ.

ವೈಸ್‌ಮನ್ನನ ‘ಫಬಿಯೋಲ’ವು ಕಥೋಲಿಕ ಜನಸಾಮಾನ್ಯರಿಗೆಂದು ಹೊರಟ ಗ್ರಂಥಮಾಲೆಯ ಮೊದಲನೆಯ ಪುಸ್ತಕ. ಡಯೊಕ್ಲೀಷಿಯನ್ ಚಕ್ರವರ್ತಿಯು ೩೦೩ ರಲ್ಲಿ ಆರಂಭಿಸಿದ ಮಹಾಪೀಡನೆಯ ಕಾಲವು ಅದರ ಕಾಲ. ಸಂತ ಆಗ್ನೆಸ್, ಸಂತ ಸೆಬಾಸ್ಟಿಯನ್, ಪಂಕ್ರೇಷಿಯಸ್ ಮೊದಲಾದ ರಕ್ತಸಾಕ್ಷಿಗಳು ಅದರಲ್ಲಿ ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಗ್ರಂಥಕರ್ತನು ರೋಮಿನಲ್ಲಿ ಬಹುಕಾಲವಿದ್ದು ಅಲ್ಲಿನ ಪುರಾತನಾವಶೇಷಗಳನ್ನು ಕಣ್ಣಾರೆ ಕಂಡ ವಿದ್ವಾಂಸ. ಕ್ಯಾಟಕೂಂಬುಗಳೆಂಬ ನೆಲದೊಳಗಿನ ಸಮಾಧಿಸುರಂಗಗಳ ವರ್ಣನೆಯಲ್ಲಿ ಆ ಪಾಂಡಿತ್ಯವು ಕಾಣುತ್ತದೆ. ಆದರೆ ಪಾತ್ರಗಳು ಹುಟ್ಟುವಾಗಲೇ ಸಂತರಾಗಿ ಹುಟ್ಟಿದವರು. ಅವರಿಗೆ ಭಯವೂ ಸಂಶಯವೂ ಇಲ್ಲ. ಎದುರಿಗಿರುವ ಕಾರ್ವೈನಸನು ಬರಿಯ ಒರಟ. ಸೊಕ್ಕಿನ ಶ್ರೀಮಂತಪುತ್ರಿಯಾದ ಫಬಿಯೋಲಳು ತನ್ನ ದಾಸಿಯ ಶೀಲವನ್ನು ನೋಡಿ ನೋಡಿ ನಿಧಾನವಾಗಿ ಕರಗುವ ಭಾಗವೊಂದೇ ಕಾದಂಬರಿಯೆನಿಸಿಕೊಳ್ಳುತ್ತದೆ. ಏಕೆಂದರೆ ಅಲ್ಲಿ ಮಾತ್ರ ಒಂದು ಮನಸ್ಸು ಎರಡು ಕಡೆಗೆ ತೂಗುತ್ತದೆ. ಉಳಿದುದು ಸಂತರ ಚರಿತ್ರಮಾಲೆ.

ಅದೇ ಗ್ರಂಥಮಾಲೆಯಲ್ಲಿ ಪ್ರಕಟವಾದರೂ ನ್ಯೂಮನ್ನನ ‘ಕಲಿಸ್ಟ’ವು ಬೇರೊಂದು ಮಟ್ಟದ ಕೃತಿ. ಅದರ ಸ್ಥಳವು ರೋಮಾಪುರಿಯಲ್ಲ, ಉತ್ತರ ಆಫ್ರಿಕದ ಸಿಕ್ಕ ಎಂಬ ಪಟ್ಟಣ. ಕಾಲವು ಡೀಸಿಯಸ್ ಚಕ್ರವರ್ತಿಯ ಆಳಿಕೆ, ಎಂದರೆ ಮೂರನೆಯ ಶತಮಾನದ ನಡುಭಾಗ. ಮಿಡಿತೆಗಳ ದಂಡು ಪೈರನ್ನೆಲ್ಲ ತಿಂದುಹಾಕುತ್ತದೆ. ಹಸಿದ ಜನರು ಈ ಅನಿಷ್ಟಕ್ಕೆ ಕ್ರೈಸ್ತರೇ ಕಾರಣರೆಂದು ದಂಗೆಯೇಳುತ್ತಾರೆ. ಪೀಡನೆಯು ಒಬ್ಬ ದುಷ್ಟ ಚಕ್ರವರ್ತಿಯ ಮನಸ್ಸಿನಿಂದ ಮಾತ್ರ ಹುಟ್ಟುವುದಲ್ಲ, ಹಸಿವಿನಿಂದಲೂ ಭಯದಿಂದಲೂ ಬೀದಿಯಲ್ಲಿ ಹುಟ್ಟುತ್ತದೆಂಬ ಅರಿವು ಇಲ್ಲಿದೆ. ಅದಕ್ಕಿಂತಲೂ ಮುಖ್ಯವಾದುದು ಕಲಿಸ್ಟಳ ಪಾತ್ರ. ವಿಗ್ರಹಗಳನ್ನು ಮಾಡಿ ಜೀವಿಸುವ ಈ ಗ್ರೀಕ್ ಹೆಣ್ಣನ್ನು ಮದುವೆಯಾಗಬೇಕೆಂದು ಆಗೆಲ್ಲಿಯಸನೆಂಬ ಅರೆಮನಸ್ಸಿನ ಕ್ರೈಸ್ತ ಯುವಕನು ಬಂದಾಗ, ಆಕೆ ಅವನನ್ನು ಒಪ್ಪುವುದಿಲ್ಲ. ತನ್ನ ಪ್ರಭುವಿನ ವಿಷಯವನ್ನು ತಿಳಿಸಬೇಕಾಗಿದ್ದವನು ತನ್ನನ್ನು ಬಯಸಿ ಬಂದನೆಂದು ಅವನನ್ನು ಜರೆಯುತ್ತಾಳೆ. ಮುಂದೆ ದಂಗೆಯ ಸಮಯದಲ್ಲಿ ಆಕೆಯನ್ನೇ ಕ್ರೈಸ್ತಳೆಂದು ಭ್ರಮಿಸಿ ಹಿಡಿಯುತ್ತಾರೆ. ತಾನು ಕ್ರೈಸ್ತಳಲ್ಲವೆಂದು ಆಕೆ ನಿಜವನ್ನೇ ಹೇಳುತ್ತಾಳೆ. ಆದರೂ ಬಲಿಪೀಠದ ಮೇಲೆ ಒಂದು ಚಿಟಿಕೆ ಧೂಪವನ್ನು ಹಾಕಲು ಒಪ್ಪುವುದಿಲ್ಲ. ಹಳೆಯ ದೇವರುಗಳಲ್ಲಿ ನಂಬಿಕೆಯು ಸತ್ತಿದೆ, ಹೊಸದು ಇನ್ನೂ ಹುಟ್ಟಿಲ್ಲ. ಈ ನಡುವಿನ ಸ್ಥಿತಿಯಲ್ಲಿ, ಪ್ರತಿಫಲದ ಆಶೆಯೊಂದೂ ಇಲ್ಲದೆ, ಅವಳ ಕೈ ಧೂಪದ ಕಡೆಗೆ ಚಾಚುವುದಿಲ್ಲ. ಅಣ್ಣನಾದ ಅರಿಸ್ಟೋನ ಕಣ್ಣೀರನ್ನೂ ಪೊಲೆಮೋ ಎಂಬ ತತ್ತ್ವಜ್ಞನ ವಾದವನ್ನೂ ಆಕೆ ಎದುರಿಸಬೇಕು. ಬಹುಕಾಲ ಎರಡು ಮತಗಳ ನಡುವೆ ತೂಗಾಡಿದ ಗ್ರಂಥಕರ್ತನ ಅನುಭವವು ಈ ಅಧ್ಯಾಯಗಳಿಗೆ ಉಸಿರನ್ನು ಕೊಟ್ಟಿದೆಯೆಂದು ಊಹಿಸುವುದು ಅನುಚಿತವಾಗಲಾರದು. ಕೃತಿಯ ಕಡೆಯ ಭಾಗವು ಸಂತಚರಿತೆಯ ಜಾಡಿಗೆ ಬೀಳುತ್ತದೆಂಬುದು ನಿಜ. ಆದರೆ ಸೆರೆಮನೆಯ ಆ ಕೆಲವು ಪುಟಗಳಿಗೆ ಸಮನಾದುವು ಈ ವರ್ಗದಲ್ಲಿ ವಿರಳ.

೩

‘ಬೆನ್ ಹರ್’ ಗ್ರಂಥದ ಕರ್ತನಾದ ಲ್ಯೂ ವಾಲೇಸನು ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಪಕ್ಷದಲ್ಲಿ ಕಾದಿದ ಸೇನಾನಿ. ಪ್ಯಾಲೆಸ್ಟೈನನ್ನು ಕಾಣುವುದಕ್ಕೆ ಮೊದಲೇ ಅವನು ಈ ಕಾದಂಬರಿಯನ್ನು ಬರೆದು ಮುಗಿಸಿದ್ದನು. ಯೆಹೂದ್ಯ ರಾಜಕುಮಾರನಾದ ಜೂಡನನ್ನು ಬಾಲ್ಯಸ್ನೇಹಿತನಾದ ರೋಮನ್ ಮೆಸ್ಸಾಲನು ಸುಳ್ಳು ಅಪರಾಧಕ್ಕೆ ಸಿಕ್ಕಿಸಿ ಹಡಗಿನಲ್ಲಿ ಹುಟ್ಟುಹಾಕುವ ದಾಸ್ಯಕ್ಕೆ ತಳ್ಳುತ್ತಾನೆ. ಜೂಡನು ಬದುಕಿ ಬಂದು ಸೇಡು ತೀರಿಸಿಕೊಳ್ಳುತ್ತಾನೆ. ಕಡೆಗೆ ಯೇಸುವಿನ ಶಿಲುಬೆಯ ಬಳಿಯಲ್ಲಿ ಅವನ ಮನಸ್ಸು ತಿರುಗುತ್ತದೆ. ಇದು ಕಥೆಯ ಸಾರ.

ಗ್ರಂಥವು ಬೋಧಿಸುವುದು ಕ್ಷಮೆಯನ್ನು. ವಾಚಕನಿಗೆ ಸಂತೋಷವನ್ನು ಕೊಡುವುದು ಸೇಡು. ಆಂಟಿಯೋಕ್ಯದ ರಥಸ್ಪರ್ಧೆಯನ್ನು ಓದಿದವನು ಅದನ್ನು ಮರೆಯಲಾರನು. ಕ್ಷಮೆಯ ಪ್ರಕರಣಗಳನ್ನು ಓದಿದವರಲ್ಲಿ ಎಷ್ಟು ಮಂದಿ ನೆನಪಿಟ್ಟಿರುತ್ತಾರೆ? ಆ ಸ್ಪರ್ಧೆಯಲ್ಲಿ ಜೂಡನೇ ತನ್ನ ರಥದ ಅಚ್ಚಿನ ಕಬ್ಬಿಣದ ತುದಿಯನ್ನು ಎದುರಾಳಿಯ ಚಕ್ರಕ್ಕೆ ತಾಗಿಸಿ ಮೆಸ್ಸಾಲನ ರಥವನ್ನು ನುಚ್ಚುನೂರು ಮಾಡುತ್ತಾನೆಂಬುದು ಗಮನಾರ್ಹ. ಮೆಸ್ಸಾಲನು ಬದುಕಿದರೂ ಅಂಗಹೀನನಾಗುತ್ತಾನೆ. ೧೯೫೯ ರ ಪ್ರಸಿದ್ಧ ಚಲಚ್ಚಿತ್ರದಲ್ಲಿ ಈ ಮೋಸವನ್ನು ಮೆಸ್ಸಾಲನ ತಲೆಗೆ ಕಟ್ಟಿ ನಾಯಕನ ಕೈಯನ್ನು ತೊಳೆದಿದ್ದಾರೆ. ವಾಲೇಸನು ಹಾಗೆ ಮಾಡಲಿಲ್ಲ. ಅವನು ಸೈನಿಕನಾಗಿದ್ದುದರಿಂದ ಸೇಡಿನ ರುಚಿಯನ್ನು ಮುಚ್ಚಿಡಲಿಲ್ಲ. ಆದರೆ ಅದನ್ನು ತೂಗಿ ನೋಡಲೂ ಇಲ್ಲ. ಜೂಡನು ಶಿಲುಬೆಯ ಬಳಿಗೆ ಬಂದಾಗ, ತಾನು ಮುರಿದುಹಾಕಿದ ಆ ದೇಹವನ್ನು ಅವನು ನೆನೆಯಬೇಕಾಗಿತ್ತು. ಅಂತಹ ಒಂದು ಪುಟವಿದ್ದಿದ್ದರೆ ಗ್ರಂಥವು ತನ್ನ ಉಪದೇಶಕ್ಕೆ ತಾನೇ ಸಾಕ್ಷಿಯಾಗುತ್ತಿತ್ತು. ಮೆಸ್ಸಾಲನು ಬರಿಯ ಸೊಕ್ಕಿನ ಬೊಂಬೆಯಾಗಿರುವುದರಿಂದಲೇ ಅಂತಹ ಪುಟಕ್ಕೆ ಎಡೆಯಿಲ್ಲದೆ ಹೋಯಿತು. ಆದಾಗ್ಯೂ ಒಂದು ಗುಣವನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಬರಲಿರುವ ಅರಸನು ರೋಮಿನ ನೊಗವನ್ನು ಮುರಿಯುವನೆಂದು ನಂಬಿ ಜೂಡನು ಗುಟ್ಟಾಗಿ ಸೈನ್ಯವನ್ನು ಕೂಡಿಸುತ್ತಾನೆ. ಆ ಅರಸನು ಕತ್ತಿಯನ್ನೇ ಹಿಡಿಯದವನೆಂದು ಕಂಡಾಗ ಅವನಿಗಾಗುವ ದಿಗ್ಭ್ರಮೆಯು ನಿಜವಾದುದು. ಕಥೆಯ ಮುಂದನ್ನು ಅರಿಯದವನ ಕಣ್ಣು ಅಲ್ಲಿ ಒಂದು ಕ್ಷಣ ತೆರೆಯುತ್ತದೆ.

೪

ಸಿಯೆಂಕೀವಿಚನ ‘ಕ್ವೋ ವಾಡಿಸ್’ ೧೮೯೫ ರ ಮಾರ್ಚಿಯಿಂದ ವಾರ್ಸಾದ ‘ಗಜೆಟಾ ಪೋಲ್‌ಸ್ಕಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹೊರಟು, ೧೮೯೬ ರಲ್ಲಿ ಪುಸ್ತಕವಾಯಿತು. ಅದೇ ವರ್ಷ ಜೆರಿಮಾಯ ಕರ್ಟಿನನ ಇಂಗ್ಲಿಷ್ ಅನುವಾದವೂ ಬಂದಿತು. ಆಗ ಪೋಲೆಂಡ್ ಎಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. ೧೭೯೫ ರಲ್ಲಿ ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಅದನ್ನು ಹಂಚಿಕೊಂಡು ಮುಗಿಸಿದ್ದವು. ೧೯೧೮ ರವರೆಗೆ ಅದು ಮತ್ತೆ ತಲೆಯೆತ್ತಲಿಲ್ಲ. ಕಥಾನಾಯಕಿಯಾದ ಲಿಜಿಯಳು ಲಿಜಿಯನರೆಂಬ ಜನಾಂಗದ ಒತ್ತೆಯಾಳು. ಆ ಜನಾಂಗದ ನೆಲೆಯು ಮುಂದೆ ಪೋಲೆಂಡಾದ ಪ್ರದೇಶವೆಂದು ಗ್ರಂಥಕರ್ತನ ಎಣಿಕೆ. ಅವಳ ಕಾವಲುಗಾರನಾದ ಉರ್ಸಸನು ಕ್ರೀಡಾರಂಗದಲ್ಲಿ ಕಾಡುಗೂಳಿಯ ಕತ್ತನ್ನು ಬರಿಗೈಯಿಂದ ಮುರಿದು, ಅದರ ಕೊಂಬುಗಳಿಗೆ ಕಟ್ಟಿದ್ದ ಅವಳನ್ನು ಉಳಿಸುವ ದೃಶ್ಯವನ್ನು ಪೋಲಿಷ್ ವಾಚಕರು ಹೇಗೆ ಓದಿಕೊಂಡಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವರಿಗೆ ರೋಮು ದೂರದ ಹಳೆಯ ಕಥೆಯಾಗಿರಲಿಲ್ಲ. ಹೀಗಿದ್ದರೂ ಈ ಕಾದಂಬರಿಯು ರೋಮಿನ ಮೇಲಿನ ಬರಿಯ ಆರೋಪಪಟ್ಟಿಯಾಗಲಿಲ್ಲ. ಅದಕ್ಕೆ ಕಾರಣನು ಪೆಟ್ರೋನಿಯಸ್.

ಪೆಟ್ರೋನಿಯಸನನ್ನು ಸಿಯೆಂಕೀವಿಚನು ಟ್ಯಾಸಿಟಸನ ಇತಿಹಾಸದಿಂದ ತೆಗೆದುಕೊಂಡನು. ಹಗಲನ್ನು ನಿದ್ರೆಯಲ್ಲಿಯೂ ಇರುಳನ್ನು ಭೋಗದಲ್ಲಿಯೂ ಕಳೆದು ಸೋಮಾರಿತನದಿಂದಲೇ ಹೆಸರಾದವನು, ಆದರೂ ಬಿಥಿನಿಯ ಪ್ರಾಂತದ ಅಧಿಕಾರಿಯಾಗಿದ್ದಾಗ ದಕ್ಷನೆನಿಸಿದವನು, ನೀರೋವಿನ ಆಸ್ಥಾನದಲ್ಲಿ ಅಭಿರುಚಿಗೆ ಪ್ರಮಾಣವೆನಿಸಿದವನು ಎಂದು ಟ್ಯಾಸಿಟಸನು ಅವನನ್ನು ವರ್ಣಿಸಿದ್ದಾನೆ. ೬೬ ರಲ್ಲಿ ಟಿಗೆಲ್ಲಿನಸನ ಪಿತೂರಿಯಿಂದ ಸಾವು ಖಚಿತವಾದಾಗ, ಅವನು ತನ್ನ ರಕ್ತನಾಳಗಳನ್ನು ಕೊಯ್ಸಿಕೊಂಡು, ಮತ್ತೆ ಕಟ್ಟಿಸಿಕೊಂಡು, ಸ್ನೇಹಿತರೊಡನೆ ಲಘುವಾದ ಮಾತುಗಳನ್ನೂ ಹಾಡುಗಳನ್ನೂ ಕೇಳುತ್ತ, ಚಕ್ರವರ್ತಿಯ ದುರಾಚಾರಗಳ ಪಟ್ಟಿಯೊಂದನ್ನು ಮುದ್ರೆಯೊತ್ತಿ ಅವನಿಗೇ ಕಳುಹಿಸಿ ಸತ್ತನು. ಕಾದಂಬರಿಯಲ್ಲಿ ಆ ಪಟ್ಟಿಯು ನೀರೋವಿನ ಕವಿತೆಯನ್ನೂ ಗಾಯನವನ್ನೂ ಹಾಸ್ಯಮಾಡುವ ಪತ್ರವಾಗಿದೆ; ಅವನನ್ನು ಪ್ರೀತಿಸಿದ ಯೂನಿಸ್ ಎಂಬ ದಾಸಿಯು ಅವನೊಡನೆ ತಾನೂ ಸಾಯುತ್ತಾಳೆ. ಇವನು ಕ್ರೈಸ್ತರನ್ನು ಗೌರವಿಸುತ್ತಾನೆ, ಅವರಿಗೆ ನೆರವಾಗಲು ನೋಡುತ್ತಾನೆ, ಆದರೆ ಅವರಂತಾಗಲಾರನು. ಎಲ್ಲರನ್ನೂ ಪ್ರೀತಿಸಬೇಕೆಂಬ ಉಪದೇಶವು ತನ್ನ ಸ್ವಭಾವಕ್ಕೆ ಒಗ್ಗದೆಂದು ಅವನು ನೇರವಾಗಿ ಹೇಳುತ್ತಾನೆ. ಗ್ರಂಥಕರ್ತನು ಅವನನ್ನು ಕಡೆಯ ಗಳಿಗೆಯಲ್ಲಿ ಮತಾಂತರಗೊಳಿಸಲಿಲ್ಲ, ಶಿಕ್ಷಿಸಲೂ ಇಲ್ಲ. ಅವನೊಡನೆ ಏನೋ ಒಂದು ಸುಂದರವಾದುದು ಲೋಕದಿಂದ ಹೋಯಿತೆಂಬ ಭಾವವನ್ನು ಉಳಿಸಿದನು. ಈ ಒಂದು ಔದಾರ್ಯವು ಇಡೀ ಗ್ರಂಥವನ್ನು ಎತ್ತಿ ಹಿಡಿದಿದೆ. ನಾಯಕನಾದ ವಿನಿಷಿಯಸನು ಬಿಟ್ಟುಬಂದ ಲೋಕವು ಪೆಟ್ರೋನಿಯಸನ ಲೋಕವಾದುದರಿಂದಲೇ ಆ ಬಿಡುವಿಕೆಗೆ ತೂಕ ಬರುತ್ತದೆ.

ಇನ್ನೊಂದು ಪಾತ್ರವೂ ಇಲ್ಲಿ ನೆನೆಯತಕ್ಕದ್ದು. ಖಿಲೋ ಎಂಬ ಗ್ರೀಕನು ಹಣಕ್ಕಾಗಿ ಕ್ರೈಸ್ತರನ್ನು ಹಿಡಿದುಕೊಟ್ಟ ಚಾಡಿಕೋರ. ತಾನು ಹಾಳುಮಾಡಿದ ಗ್ಲಾಕಸನು ನೀರೋವಿನ ಉದ್ಯಾನದಲ್ಲಿ ಕಂಬಕ್ಕೆ ಕಟ್ಟಲ್ಪಟ್ಟು ಉರಿಯುತ್ತ ತನ್ನನ್ನು ಕ್ಷಮಿಸಿದುದನ್ನು ನೋಡಿ, ಅವನು ಜನರೆದುರಿಗೆ ಚಕ್ರವರ್ತಿಯನ್ನೇ ಬೆಂಕಿಯಿಟ್ಟವನೆಂದು ಬೆರಳೆತ್ತಿ ತೋರಿಸುತ್ತಾನೆ. ವಾಲೇಸನು ಮೆಸ್ಸಾಲನಿಗೆ ಕೊಡಲಾರದೆ ಹೋದುದನ್ನು ಸಿಯೆಂಕೀವಿಚನು ಈ ಹೇಡಿಗೆ ಕೊಟ್ಟಿದ್ದಾನೆ.

ಈ ಔದಾರ್ಯವು ನೀರೋವಿನವರೆಗೆ ಹೋಗಲಿಲ್ಲವೆಂಬುದನ್ನೂ ಹೇಳಬೇಕು. ೬೪ ರ ಜುಲೈ ತಿಂಗಳಿನಲ್ಲಿ ರೋಮಿಗೆ ಬಿದ್ದ ಬೆಂಕಿಯನ್ನು ಚಕ್ರವರ್ತಿಯೇ ಹಾಕಿಸಿದನೆಂದು ಕಾದಂಬರಿಯು ಹೇಳುತ್ತದೆ. ಸ್ವೆಟೋನಿಯಸನೂ ಡಿಯೋ ಕ್ಯಾಸಿಯಸನೂ ಹೀಗೆಯೇ ಬರೆದಿದ್ದಾರೆ. ಟ್ಯಾಸಿಟಸನಾದರೋ ಅದು ಆಕಸ್ಮಿಕವೋ ಅರಸನ ಕುಯುಕ್ತಿಯೋ ಎಂಬುದು ನಿಶ್ಚಿತವಲ್ಲವೆನ್ನುತ್ತಾನೆ. ಬೆಂಕಿ ಬಿದ್ದಾಗ ನೀರೋ ಆಂಟಿಯಮ್ಮಿನಲ್ಲಿದ್ದನು. ಮರಳಿ ಬಂದು ನಿರಾಶ್ರಿತರಿಗೆ ತನ್ನ ತೋಟಗಳನ್ನು ತೆರೆಸಿದನು, ಧಾನ್ಯದ ಬೆಲೆಯನ್ನು ಇಳಿಸಿದನು. ಊರಿನ ಹದಿನಾಲ್ಕು ಭಾಗಗಳಲ್ಲಿ ಮೂರು ನೆಲಸಮವಾದುವು, ಏಳು ಬಹುಮಟ್ಟಿಗೆ ಹಾಳಾದುವು, ನಾಲ್ಕು ಮಾತ್ರ ಉಳಿದುವು. ಕ್ರೈಸ್ತರು ಬೆಂಕಿಯಿಟ್ಟರೆಂಬುದನ್ನು ಟ್ಯಾಸಿಟಸನು ನಂಬುವುದಿಲ್ಲ; ಅವರ ಮತವನ್ನು ಕಂಡರೆ ಅವನಿಗೆ ಅಸಹ್ಯ; ಆದರೂ ಒಬ್ಬನ ಕ್ರೌರ್ಯಕ್ಕೆ ಬಲಿಯಾದವರೆಂದು ಜನರು ಅವರಿಗಾಗಿ ಮರುಗಿದರೆಂದು ಅವನೇ ದಾಖಲಿಸುತ್ತಾನೆ. ದ್ವೇಷವೂ ಮರುಕವೂ ಒಂದೇ ಪ್ರಕರಣದಲ್ಲಿ ಸೇರಿರುವ ಈ ರೋಮನ್ ಇತಿಹಾಸಕಾರನ ಪುಟವು, ಎಷ್ಟೋ ಕಾದಂಬರಿಗಳಿಗಿಂತ ಹೆಚ್ಚು ಮನುಷ್ಯಸ್ವಭಾವವನ್ನು ಹಿಡಿದಿದೆ. ಸಮಾಧಿಸುರಂಗಗಳ ವಿಷಯವೂ ಇದರಂತೆಯೇ. ಅವನ್ನು ಕ್ರೈಸ್ತರು ಬಳಸಲಾರಂಭಿಸಿದುದು ಎರಡನೆಯ ಶತಮಾನದ ಕಡೆಯಲ್ಲಿ. ಅವು ಮುಖ್ಯವಾಗಿ ಹೂಳುವ ಸ್ಥಳಗಳು, ದಿನನಿತ್ಯದ ಅಡಗುದಾಣಗಳಲ್ಲ. ನೀರೋವಿನ ಕಾಲದಲ್ಲಿಯೇ ಕ್ರೈಸ್ತರನ್ನು ಅಂತಹ ನೆಲಮಾಳಿಗೆಗಳಿಗೆ ಇಳಿಸಿದುದು ಬಹುಮಟ್ಟಿಗೆ ಕಾದಂಬರಿಗಳ ಸೃಷ್ಟಿ.

೫

ಪೀಡನೆಯ ಸ್ವರೂಪವನ್ನು ಕುರಿತ ಐತಿಹಾಸಿಕ ಸಾಮಗ್ರಿಯನ್ನು ಪರಿಶೀಲಿಸಿದರೆ, ಈ ಕಾದಂಬರಿಗಳು ಬಿಟ್ಟುಬಿಟ್ಟ ಒಂದು ದೊಡ್ಡ ಕ್ಷೇತ್ರವು ಕಣ್ಣಿಗೆ ಬೀಳುತ್ತದೆ. ಪೆಟ್ರೋನಿಯಸನು ಆಳಿದ ಅದೇ ಬಿಥಿನಿಯಕ್ಕೆ ಸುಮಾರು ಐವತ್ತು ವರ್ಷಗಳ ತರುವಾಯ ಕಿರಿಯ ಪ್ಲಿನಿಯು ಅಧಿಕಾರಿಯಾಗಿ ಬಂದನು. ೧೧೨ ರ ಸುಮಾರಿನಲ್ಲಿ ಅವನು ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರವು ಉಳಿದುಬಂದಿದೆ. ಕ್ರೈಸ್ತನೆಂಬ ಹೆಸರೇ ಅಪರಾಧವೋ, ಹೆಸರಿಗೆ ಅಂಟಿದ ದುಷ್ಕೃತ್ಯಗಳು ಅಪರಾಧವೋ ಎಂದು ಅವನು ಕೇಳುತ್ತಾನೆ. ಮೂರು ಸಲ ಪ್ರಶ್ನಿಸಿ, ಹೆದರಿಸಿ, ಹಟವನ್ನು ಬಿಡದವರನ್ನು ಮರಣಕ್ಕೆ ಕಳುಹಿಸಿದುದಾಗಿ ತಿಳಿಸುತ್ತಾನೆ. ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದರೂ ಮಿತಿಮೀರಿದ ಮೂಢನಂಬಿಕೆಯ ಹೊರತು ಬೇರೇನೂ ಕಾಣಲಿಲ್ಲವೆಂದು ಒಪ್ಪುತ್ತಾನೆ. ಅವರನ್ನು ಹುಡುಕಿಕೊಂಡು ಹೋಗಬಾರದು, ಹೆಸರಿಲ್ಲದ ದೂರುಗಳನ್ನು ಸ್ವೀಕರಿಸಬಾರದು ಎಂದು ಟ್ರಾಜನನ ಉತ್ತರ. ಇಲ್ಲಿ ಸಿಂಹಗಳಿಲ್ಲ, ಹುಚ್ಚು ಚಕ್ರವರ್ತಿಯಿಲ್ಲ. ವಿದ್ಯಾವಂತನೂ ಸಭ್ಯನೂ ಆದ ಒಬ್ಬ ಅಧಿಕಾರಿ, ಕಾಯಿದೆಯ ತೊಡಕಿನ ಬಗ್ಗೆ ಚಿಂತಿಸುತ್ತ, ನಿರಪರಾಧಿಗಳೆಂದು ತಾನೇ ಅರೆಬರೆಯಾಗಿ ಬಲ್ಲವರನ್ನು ಕೊಲ್ಲಿಸುತ್ತಿದ್ದಾನೆ. ನೀರೋವಿಗಿಂತ ಪ್ಲಿನಿಯು ಹೆಚ್ಚು ಭಯಂಕರನು. ಏಕೆಂದರೆ ಅವನು ಎಲ್ಲ ಕಾಲದಲ್ಲಿಯೂ ಇರುವವನು. ಇಂತಹ ಪ್ರತಿನಾಯಕನನ್ನು ಕಾದಂಬರೀಕಾರರು ಏತಕ್ಕೆ ಆರಿಸಲಿಲ್ಲವೆಂಬುದು ಆಶ್ಚರ್ಯದ ವಿಷಯ.

ಡೀಸಿಯಸನ ಕಾಲದ ದಾಖಲೆಗಳು ಇನ್ನೊಂದು ಮುಖವನ್ನು ತೋರಿಸುತ್ತವೆ. ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯನ್ನರ್ಪಿಸಿ, ಅದಕ್ಕೆ ಪ್ರಮಾಣಪತ್ರವನ್ನು ಪಡೆಯಬೇಕೆಂದು ೨೫೦ ರಲ್ಲಿ ಆಜ್ಞೆ ಜಾರಿಯಲ್ಲಿತ್ತು. ಅಂತಹ ಪ್ರಮಾಣಪತ್ರಗಳು ಈಜಿಪ್ಟಿನ ಮರಳಿನಲ್ಲಿ ಪಪೈರಸ್ ಹಾಳೆಗಳ ರೂಪದಲ್ಲಿ ದೊರೆತಿವೆ. ಮೊದಲನೆಯದು ೧೮೯೩ ರಲ್ಲಿ ಪ್ರಕಟವಾಯಿತು. ನಲವತ್ತಕ್ಕೂ ಹೆಚ್ಚು ಈಗ ತಿಳಿದಿವೆ. ತಾನು ಯಾವಾಗಲೂ ದೇವತೆಗಳಿಗೆ ಬಲಿಕೊಡುತ್ತ ಬಂದವನೆಂದೂ, ಈಗಲೂ ಅಧಿಕಾರಿಗಳ ಮುಂದೆ ಬಲಿಕೊಟ್ಟು ನೈವೇದ್ಯವನ್ನು ರುಚಿನೋಡಿದೆನೆಂದೂ ಅರ್ಜಿದಾರನು ಬರೆದುಕೊಡುವುದು ಅವುಗಳ ಮಾದರಿ. ಅವುಗಳಲ್ಲೊಂದು ಮೊಸಳೆದೇವತೆಯೊಂದರ ಪೂಜಾರಿಣಿಯದು. ದೇವರನ್ನು ಪೂಜಿಸುವುದೇ ವೃತ್ತಿಯಾದವಳು ಕೂಡ ತಾನು ದೇವರನ್ನು ಪೂಜಿಸುವೆನೆಂದು ಸರಕಾರದ ಸಹಿ ಪಡೆಯಬೇಕಾಗಿತ್ತು. ಪೀಡನೆಯು ಇಲ್ಲಿ ಸರತಿಯ ಸಾಲಾಗಿ, ಕಾಗದಪತ್ರವಾಗಿ ಕಾಣುತ್ತದೆ.

ಈ ಸಾಲಿನಲ್ಲಿ ಕ್ರೈಸ್ತರೂ ನಿಂತರು. ಬಹಳ ಮಂದಿ ಬಲಿಯನ್ನರ್ಪಿಸಿದರು. ಕೆಲವರು ಹಣ ಕೊಟ್ಟು, ಅರ್ಪಿಸದೆಯೇ ಪ್ರಮಾಣಪತ್ರವನ್ನು ಪಡೆದರು. ಕಾರ್ಥೇಜಿನ ಬಿಷಪ್ ಸಿಪ್ರಿಯನನು ತಾನೇ ಊರನ್ನು ಬಿಟ್ಟು ಅಡಗಿದ್ದು, ಅದಕ್ಕಾಗಿ ಟೀಕೆಗೆ ಗುರಿಯಾದನು. ೨೫೧ ರಲ್ಲಿ ಬಿದ್ದವರನ್ನು ಕುರಿತು ಗ್ರಂಥವನ್ನು ಬರೆದನು. ೨೫೮ ರಲ್ಲಿ, ಮುಂದಿನ ಪೀಡನೆಯಲ್ಲಿ, ಶಿರಶ್ಛೇದಕ್ಕೆ ಗುರಿಯಾದನು. ಬಿದ್ದವರನ್ನು ಮತ್ತೆ ಸೇರಿಸಿಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆಯು ಸಭೆಯನ್ನು ಬಹುಕಾಲ ಕಾಡಿತು. ಗಟ್ಟಿಯಾಗಿ ನಿಂತವರನ್ನು ಕುರಿತ ಕಾದಂಬರಿಗಳು ಬೇಕಾದಷ್ಟಿವೆ; ಕೈನಡುಗಿ ಧೂಪವನ್ನು ಹಾಕಿ, ಮನೆಗೆ ಬಂದು, ಮರುದಿನ ಹೆಂಡತಿಮಕ್ಕಳ ಮುಖವನ್ನೂ ನೆರೆಯ ಸೋದರರ ಮುಖವನ್ನೂ ನೋಡಬೇಕಾದವನ ಕಥೆಯು ಬಹಳ ಅಪರೂಪ. ‘ಫಬಿಯೋಲ’ದಲ್ಲಿ ಟಾರ್ಕ್ವೇಟಸ್ ಎಂಬವನು ಬೀಳುತ್ತಾನೆ, ಪಶ್ಚಾತ್ತಾಪಪಡುತ್ತಾನೆ, ಆದರೆ ಅವನು ಕಥೆಯ ಅಂಚಿನಲ್ಲಿಯೇ ಉಳಿಯುತ್ತಾನೆ. ‘ಕಲಿಸ್ಟ’ದಲ್ಲಿ ಸಿಪ್ರಿಯನನು ಸಿಸಿಲಿಯಸನೆಂಬ ಹೆಸರಿನಲ್ಲಿ ಪರಾರಿಯಾಗಿ ಅಲೆಯುತ್ತಾನೆ, ಅಷ್ಟರಮಟ್ಟಿಗೆ ನ್ಯೂಮನ್ನನು ಇತಿಹಾಸಕ್ಕೆ ಹೆಚ್ಚು ಸಮೀಪದವನು.

ಈ ನಡುವಿನ ನೆಲದ ಮೇಲೆ ಕಾಲಿಟ್ಟವು ಎರಡು ಕೃತಿಗಳು. ಪೇಟರನ ಮೇರಿಯಸನು ಮಾರ್ಕಸ್ ಅರೀಲಿಯಸನ ಕಾಲದ ತರುಣ. ಆ ತತ್ತ್ವಜ್ಞ ಚಕ್ರವರ್ತಿಯನ್ನು ಅವನು ಪೂಜ್ಯಭಾವದಿಂದ ನೋಡುತ್ತಾನೆ. ಆದರೆ ಕ್ರೀಡಾರಂಗದ ಹಿಂಸೆಯನ್ನು ಆತನು ಉದಾಸೀನನಾಗಿ ಸಹಿಸಿ ಕುಳಿತುದನ್ನು ಕಂಡಾಗ, ಆ ದರ್ಶನದ ಎಲ್ಲೆಯು ಎಲ್ಲಿದೆಯೆಂಬುದು ಅವನಿಗೆ ತಿಳಿಯುತ್ತದೆ. ರೋಮಿನ ಅತ್ಯುತ್ತಮನನ್ನೇ ಎದುರಿಗೆ ನಿಲ್ಲಿಸಿ, ನಿಂದಿಸದೆ, ಅವನಲ್ಲಿ ಇಲ್ಲದಿದ್ದುದನ್ನು ಮಾತ್ರ ತೋರಿಸಿದ ಈ ವಿಮರ್ಶೆಯು ದಂಡಿಯ ಎರಡನೆಯ ಮಾರ್ಗಕ್ಕೆ ಒಳ್ಳೆಯ ಉದಾಹರಣೆ. ಮೇರಿಯಸನು ಪೂರ್ಣ ವಿಶ್ವಾಸಿಯಾಗುವುದಕ್ಕೆ ಮೊದಲೇ ಸ್ನೇಹಿತನಿಗಾಗಿ ಸೆರೆಯಲ್ಲಿದ್ದು, ಜ್ವರದಿಂದ ಸಾಯುತ್ತಾನೆ. ಕ್ರೈಸ್ತರು ಅವನನ್ನು ರಕ್ತಸಾಕ್ಷಿಯೆಂದೇ ತಿಳಿದು ಹೂಳುತ್ತಾರೆ. ಲಾಗರ್‌ಕ್ವಿಸ್ಟನ ಬರಬ್ಬನು, ಯೇಸುವಿಗೆ ಬದಲಾಗಿ ಬಿಡುಗಡೆ ಹೊಂದಿದ ಕಳ್ಳ. ತನಗೆ ಬದಲಾಗಿ ಸತ್ತವನು ಯಾರೆಂದು ತಿಳಿಯದೆ, ನಂಬಲು ಬಯಸಿ ನಂಬಲಾರದೆ ಅವನು ಬದುಕನ್ನೆಲ್ಲ ಸವೆಸುತ್ತಾನೆ. ವಿಚಾರಣೆಯಲ್ಲಿ ಜೊತೆಯ ದಾಸನಾದ ಸಾಹಕನು ತನ್ನ ದೇವರನ್ನು ಬಿಡದೆ ಶಿಲುಬೆಗೇರಿದಾಗ, ಬರಬ್ಬನು ತನಗೆ ದೇವರಿಲ್ಲವೆಂದು ಹೇಳಿ ಉಳಿಯುತ್ತಾನೆ. ಮುಂದೆ ರೋಮಿಗೆ ಬೆಂಕಿ ಬಿದ್ದಾಗ, ಅದು ಕ್ರೈಸ್ತರ ಕೆಲಸವೆಂದು ಭ್ರಮಿಸಿ, ಈ ಸಲವಾದರೂ ಅವರಿಗೆ ನೆರವಾಗಬೇಕೆಂದು ತಾನೂ ಕೊಳ್ಳಿ ಹಿಡಿಯುತ್ತಾನೆ. ಅವರೊಡನೆಯೇ ಶಿಲುಬೆಗೆ ಹೋಗುತ್ತಾನೆ. ಕ್ರೈಸ್ತರ ಮೇಲೆ ಹೊರಿಸಿದ ಸುಳ್ಳಾರೋಪವನ್ನು ನಂಬಿದ ಏಕಮಾತ್ರ ಕ್ರೈಸ್ತಾಭಿಮಾನಿಯು ಇವನೆಂಬಲ್ಲಿ ಕಠೋರವಾದ ವ್ಯಂಗ್ಯವಿದೆ. ಸಣ್ಣ ಗ್ರಂಥ, ವರ್ಣನೆಗಳಿಲ್ಲ, ರಥಗಳಿಲ್ಲ. ಆದರೆ ಮುಂದೇನಾಗುವುದೆಂದು ತಿಳಿಯದ ಮನುಷ್ಯನ ಕತ್ತಲೆಯು ಇದರಲ್ಲಿ ಇರುವಷ್ಟು ದಟ್ಟವಾಗಿ ಬೇರೆಲ್ಲಿಯೂ ಇಲ್ಲ.

೬

ಈ ಗ್ರಂಥಗಳು ಭಕ್ತರ ಮನಸ್ಸನ್ನು ಬಲಪಡಿಸಲು ಹುಟ್ಟಿದುವು, ಅವನ್ನು ಇತಿಹಾಸದ ತಕ್ಕಡಿಯಲ್ಲಿಡುವುದು ಸರಿಯಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಆ ಉದ್ದೇಶವನ್ನೇ ಒಪ್ಪಿಕೊಂಡು ನೋಡಿದರೂ ತೀರ್ಪು ಬದಲಾಗುವುದಿಲ್ಲ. ರಕ್ತಸಾಕ್ಷಿಗೆ ಗ್ರೀಕ್ ಭಾಷೆಯಲ್ಲಿರುವ ಪದದ ಮೊದಲ ಅರ್ಥವು ಬರಿಯ ಸಾಕ್ಷಿಯೆಂದು. ಸಾಕ್ಷಿಗೆ ಬೆಲೆ ಬರಬೇಕಾದರೆ ಎದುರುವಾದಿಯ ಮಾತನ್ನೂ ನ್ಯಾಯಸ್ಥಾನದಲ್ಲಿ ಪೂರ್ತಿಯಾಗಿ ಕೇಳಿರಬೇಕು. ಸಾಕ್ಷಿಯು ಬೇರೆ ರೀತಿಯಾಗಿ ನುಡಿಯಲು ಅವಕಾಶವಿದ್ದಿರಬೇಕು. ರೋಮಿನ ಮಾತನ್ನು ಕೇಳಿಸದೆ, ಬೀಳುವುದು ಅಸಾಧ್ಯವಾದವರನ್ನು ಮಾತ್ರ ಕಟಕಟೆಗೆ ತಂದ ಕಾದಂಬರಿಯು, ತಾನು ಕೀರ್ತಿಸಬೇಕೆಂದಿದ್ದವರ ಕೀರ್ತಿಯನ್ನೇ ಕುಂದಿಸುತ್ತದೆ. ಪೂರ್ವದಲ್ಲಿ ಪೀಡಿತರಾಗಿದ್ದವರು ಮುಂದೆ ಅಧಿಕಾರವನ್ನು ಪಡೆದ ಮೇಲೆ ಹೈಪೇಷಿಯಳಿಗೆ ಏನಾಯಿತೆಂಬುದು ಚರಿತ್ರೆಯಲ್ಲಿದೆ. ಪೀಡಕನು ಯಾವಾಗಲೂ ಬೇರೆಯವನೆಂದು ಕಲಿಸುವ ಕಥೆಗಳಿಂದ ಆ ಅಪಾಯಕ್ಕೆ ಪರಿಹಾರವಿಲ್ಲ.

ಕನ್ನಡದಲ್ಲಿ ಚಾರಿತ್ರಿಕ ಕಾದಂಬರಿಯನ್ನು ಬರೆಯುವವರಿಗೂ ಈ ಪರಿಶೀಲನೆಯು ಉಪಯುಕ್ತವಾದೀತು. ಯಾವ ಮತದ, ಯಾವ ಅರಸುಮನೆತನದ ಪರವಾಗಿ ಬರೆದರೂ, ಕೃತಿಯ ಆಯುಸ್ಸು ಎದುರುಪಕ್ಷಕ್ಕೆ ಕೊಟ್ಟ ಮರ್ಯಾದೆಯನ್ನು ಅವಲಂಬಿಸುತ್ತದೆ. ‘ಕ್ವೋ ವಾಡಿಸ್’ ಗ್ರಂಥದಲ್ಲಿ ಅಪೊಸ್ತಲರೂ ಸಂತರೂ ಇರುವರು. ಓದಿ ಮುಗಿಸಿದವನ ನೆನಪಿನಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ನಿಲ್ಲುವವನು ಅವರ ಮತವನ್ನು ಸ್ವೀಕರಿಸದೆ ಸತ್ತ ಪೆಟ್ರೋನಿಯಸ್. ಇದರಿಂದ ಆ ಅಪೊಸ್ತಲರಿಗೆ ಯಾವ ನಷ್ಟವೂ ಆಗಿಲ್ಲ.